ಕೋವಿ ಅನ್ನಬೇಡಿ

ಹೊಸನಗರ
೧೭ ಜೂನ್ ೨೦೨೪

ನಾಗೇಂದ್ರಣ್ಣ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡೋಣವೆಂದರೆ ಸುಬ್ಬರಾಯನ ಎರಡೂ ಹುಬ್ಬು ಸುಟ್ಟುಹೋಗಿವೆ. ರೆಪ್ಪೆಯ ಕೂದಲೂ ಇಲ್ಲ. ಕಣ್ಣು ಉಳಿದಿದೆ. ಅದು ಅವನ ಅಮ್ಮನ ಪುಣ್ಯವೇ ಹೊರತು ನನ್ನ ಎಂಜಿನಿಯರಿಂಗ್ ಅಲ್ಲ.

ಈ ವರದಿಯನ್ನು ವಾಟ್ಸಾಪಿನಲ್ಲಿ ಹಾಕಿದರೆ ನೀವು ಒಂದು ಹೆಬ್ಬೆರಳು ಎತ್ತಿ ಸುಮ್ಮನಾಗುತ್ತೀರಿ. ಫೋನ್ ಮಾಡಿದರೆ ನನ್ನನ್ನು ನಗಿಸಿ, ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ. ಓದಿ ನಿಮ್ಮ ಮೇಜಿನ ಗಾಜಿನ ಕೆಳಗೆ ಇಡಿ.

ಮೊದಲು ಒಳ್ಳೆಯ ಸುದ್ದಿ. ಶನಿವಾರದ ಬೆಂಚಿನಲ್ಲಿ ನಾನು ಹುಟ್ಟಿಸಿದ, ಮಂಗ ಓಡಿಸುವ ‘ಗದ್ದಲ’ ಯಂತ್ರ ಕೆಲಸ ಮಾಡುತ್ತಿದೆ. ಈ ತಾಲ್ಲೂಕಿನ ಇಪ್ಪತ್ತಮೂರು ಮನೆಗೆ ಪರೀಕ್ಷೆಗೆಂದು ಕೊಟ್ಟಿದ್ದೇವೆ. ಕೊಡುವಾಗ ನಾನು ಹೇಳುವುದು ಇಷ್ಟೇ: “ಇದ್ರಲ್ಲಿ ಗುಂಡಿಲ್ಲ, ಚರೆಯಿಲ್ಲ. ಹಿಂದಿನ ಡಬ್ಬಿಯಲ್ಲಿ ಕಾರ್ಬೈಡಿಗೆ ನೀರು ತಾಗಿ ಗ್ಯಾಸ್ ಆಗುತ್ತೆ, ಗುಂಡಿ ಒತ್ತಿದ್ರೆ ಕಿಡಿ ಹಾರುತ್ತೆ, ಕೊಳವೆಯಿಂದ ಸಿಡಿಲು ಹೊಡೆದಂಗೆ ಸದ್ದು ಬರುತ್ತೆ. ಮಂಗ ಓಡುತ್ತೆ, ಸಾಯೋದಿಲ್ಲ.” ಒಂಬತ್ತು ದಿನದಿಂದ ಈ ಮನೆಗಳಲ್ಲಿ ಯಾರೂ ನಿಜವಾದ ಕೋವಿ ಮುಟ್ಟಿಲ್ಲ.

ಮುಟ್ಟಿದರೆ ಏನಾಗುತ್ತದೆ ಎಂಬುದನ್ನು ಮಂಗಳವಾರ ನೋಡಿದೆ. ಯಂತ್ರ ಇನ್ನೂ ತಲುಪದ ಒಂದು ಮನೆಯ ಯಜಮಾನರು ಹಲಸಿನ ಮರದಲ್ಲಿದ್ದ ಹೆಣ್ಣು ಮಂಗಕ್ಕೆ ಹೊಡೆದರು. ಅದು ಕೊಂಬೆ ಬಿಡಲಿಲ್ಲ. ಒಂದು ಕೈಯಲ್ಲಿ ಕೊಂಬೆ ಹಿಡಿದು, ಇನ್ನೊಂದು ಕೈಯಲ್ಲಿ ಹೊಟ್ಟೆಯಿಂದ ಜಾರುತ್ತಿದ್ದ ಕರುಳನ್ನು ಒಳಕ್ಕೆ ತುರುಕಿಕೊಳ್ಳುತ್ತಿತ್ತು. ಮರಿ ಬೆನ್ನಿಗೆ ಅಂಟಿಕೊಂಡೇ ಇತ್ತು. ಬಿದ್ದ ಮೇಲೆ ನಾಯಿಗಳು ಮೊದಲು ಮರಿಯನ್ನು ಹರಿದವು. ಮಂಗನ ಕಾಯಿಲೆಯ ಹೆದರಿಕೆಗೆ ಯಾರೂ ಹತ್ತಿರ ಹೋಗಲಿಲ್ಲ, ದೂರದಿಂದಲೇ ಸೀಮೆಎಣ್ಣೆ ಎರಚಿ ಬೆಂಕಿ ಕೊಟ್ಟರು. ತಾಯಿಗೆ ಇನ್ನೂ ಜೀವ ಇತ್ತು. ನಾನು ಈ ಯಂತ್ರ ಮಾಡಿದ್ದು ಅದಕ್ಕಾಗಿ, ಇನ್ನು ಯಾರಿಗೂ ಹೀಗೆ ಹೊಡೆಯುವ ಕೆಲಸ ಬೀಳಬಾರದು ಎಂದು.

ಈಗ ಸುಬ್ಬರಾಯನ ವಿಷಯ. ನಮ್ಮ ಫಿಟ್ಟರ್, ಹತ್ತು ವರ್ಷದ ಅನುಭವ, ದಡ್ಡನಲ್ಲ. ಶುಕ್ರವಾರ ಗುಂಡಿ ಒತ್ತಿದಾಗ ಸದ್ದು ಬರಲಿಲ್ಲ. ಅವನು ಯಂತ್ರವನ್ನು ಎತ್ತಿ ಬೆಳಕಿಗೆ ಹಿಡಿದು ಕೊಳವೆಯ ಬಾಯಿಗೆ ಕಣ್ಣಿಟ್ಟ. ನಾನು ಹಿಂದಿನಿಂದ ಅಂಗಿ ಹಿಡಿದು ಎಳೆದೆ, ಅದೇ ಗಳಿಗೆಗೆ ಹೊತ್ತಿಕೊಂಡಿತು. ಬೆಂಕಿ ಮುಖವನ್ನು ಸವರಿಕೊಂಡು ಹೋಯಿತು. ನಾನು ಅವನ ಕಪಾಳಕ್ಕೆ ಬಾರಿಸಿದೆ. ಬಾರಿಸಿದ್ದಕ್ಕೆ ಬೇಸರವಿಲ್ಲ.

“ಎಂತಕ್ಕೆ ನೋಡ್ದೆ?” ಎಂದು ಕೇಳಿದರೆ ಅವನ ಉತ್ತರ ಕೇಳಿ: “ನೋಡ್ದೆ ಎಂತ ಮಾಡದು ಚೈತ್ರಕ್ಕಾ? ಕೋವಿ ಅಂದ್ಮೇಲೆ ನಳಿಗೆ ನೋಡ್ದೆ ಇಡ್ತಾರಾ?”

ತೀರ್ಥಹಳ್ಳಿಯ ನಮ್ಮ ಮನೆಯಲ್ಲೂ ಕೋವಿ ಇದೆ. ಅಪ್ಪ ಅದನ್ನು ಕೀಲಿನ ಹತ್ತಿರ ಮಡಚಿ ಮುರಿದು, ತೋಟಾ ತೆಗೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಳಗೆ ಕಣ್ಣಾಡಿಸದೆ ಗೋಡೆಗೆ ನೇತುಹಾಕಿದ್ದನ್ನು ನಾನು ಕಂಡಿಲ್ಲ. ಈ ಸೀಮೆಯ ಗಂಡಸರ ಕಣ್ಣು ಕೋವಿ ಕಂಡರೆ ತಾನಾಗಿ ನಳಿಗೆಗೆ ಹೋಗುತ್ತದೆ. ಮುರಿದ ಕೋವಿಯ ಹಿಂದೆ ಏನೂ ಇರುವುದಿಲ್ಲ, ತೋಟಾ ಕೈಯಲ್ಲಿರುತ್ತದೆ. ನಮ್ಮ ಯಂತ್ರದ ಹಿಂದೆ ಡಬ್ಬಿ ಇದೆ, ಡಬ್ಬಿಯಲ್ಲಿ ಗ್ಯಾಸ್ ಇರುತ್ತದೆ.

ಆದ್ದರಿಂದ ಕೊಳವೆಯ ಬಾಯಿಗೆ ಉಕ್ಕಿನ ಜಾಲರಿ ಬೇಕು. ಬಾಯಿಂದ ಒಂದು ಗೇಣು ಮುಂದಕ್ಕೆ ಚಾಚಿದ ಗೂಡಿನಂಥದ್ದು, ಯಾರೂ ಕಣ್ಣಿಡಲು ಆಗಬಾರದು. ಡ್ರಾಯಿಂಗ್ ಜೊತೆಗಿಟ್ಟಿದ್ದೇನೆ. ಇನ್ನೊಂದು, ಊರವರು ಇದನ್ನು ಆಗಲೇ ‘ಮಂಗನ ಕೋವಿ’ ಎನ್ನುತ್ತಿದ್ದಾರೆ. ಅವರು ಅನ್ನಲಿ. ನಾವು ಮಾತ್ರ ಅನ್ನಬಾರದು, ಡಬ್ಬದ ಮೇಲೆ ಆ ಪದ ಅಚ್ಚಾಗಬಾರದು.

ನಿಮ್ಮ ಬೆಂಚಿನವಳು,
ಚೈತ್ರಾ


ಸಾಗರ
೨೬ ಜೂನ್ ೨೦೨೪

ಚೈತ್ರಾ ಮಾರಾಯ್ತಿಗೆ,

ಕಾಗದ ಗಾಜಿನ ಕೆಳಗೆ ಇಟ್ಟಿದ್ದೇನೆ, ಸಿಗಂದೂರಮ್ಮನ ಫೋಟೊ ಪಕ್ಕ. ಇಬ್ಬರು ಸಿಟ್ಟಿನ ಹೆಂಗಸರ ನಡುವೆ ಕೂತು ಚಹಾ ಕುಡಿಯುತ್ತಿದ್ದೇನೆ. ಸುಬ್ಬರಾಯನಿಗೆ ಹುಬ್ಬು ಬರುವವರೆಗೆ ಸಂಬಳದ ರಜೆ. ಅವನ ಹೆಂಡತಿಗೆ ಹುಬ್ಬಿಲ್ಲದ ಮುಖವೇ ಚಂದ ಕಾಣುತ್ತಿದೆಯಂತೆ.

ನಿನ್ನ ಜಾಲರಿಯನ್ನು ಇಲ್ಲಿ ಮಾಡಿಸಿ ಹಾಕಿ ನೋಡಿದೆ. ಸದ್ದು ಅರ್ಧಕ್ಕೆ ಇಳಿಯಿತು. ಅಶ್ವಿನ್ ಅದನ್ನು ತೀರ್ಥಹಳ್ಳಿಯ ಕೃಷಿ ಮೇಳಕ್ಕೆ ಒಯ್ದಿದ್ದ. ನನ್ನ ಅಕ್ಕನ ಮಗ ಅಂತ ಹೊಗಳುತ್ತಿಲ್ಲ, ಮಾರಾಟದಲ್ಲಿ ಅವನ ಬಾಯಿ ಜೇನು. ಆದರೂ ಒಂದೂ ಹೋಗಲಿಲ್ಲ. “ಗದ್ದಲ ಅಂದ್ರೆ ಎಂತದು, ಮದ್ವೆ ಮನೆಯಾ? ಇದು ಕೆಮ್ಮಿದಂಗೆ ಕೇಳ್ತದಲ್ರೀ” ಎಂದು ನಕ್ಕರಂತೆ. ಮಧ್ಯಾಹ್ನ ಅವನು ಜಾಲರಿ ಕಳಚಿ, ಹಲಗೆಯ ಮೇಲೆ ಮಂಗನ ಕೋವಿ ಎಂದು ಬರೆದು, ಒಂದು ಸಲ ಹೊಡೆದ. ಪಕ್ಕದ ಅಂಗಡಿಯ ಗಾಜು ಅದುರಿತು. ಸಂಜೆಯೊಳಗೆ ನಲವತ್ತು ಜನ ಹೆಸರು ಬರೆಸಿದರು.

ಒಂದು ಮಾತು ಹೇಳುತ್ತೇನೆ, ಹಲ್ಲು ಕಡಿಯಬೇಡ. ಹನ್ನೆರಡು ವರ್ಷದಿಂದ ಪ್ರತಿ ಶನಿವಾರ ಊಟದ ಮೇಲೆ ವರ್ಕ್‌ಶಾಪನ್ನು ನಿಮ್ಮ ಕೈಗೆ ಬಿಟ್ಟಿದ್ದೇನೆ. ಯಾರು ಬೇಕಾದರೂ ಯಾವ ಯಂತ್ರ ಬೇಕಾದರೂ ಮುಟ್ಟಿ, ಗುಜರಿಯಿಂದ ತಲೆಗೆ ತೋಚಿದ್ದು ಮಾಡಿ, ಕೆಟ್ಟರೆ ಕೇಳುವುದಿಲ್ಲ ಅಂದೆ. ಹದಿನೇಳು ಹೊಸ ಯಂತ್ರ ಹುಟ್ಟಿದವು. ಹದಿನಾರು ಹಿಂದಿನ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿವೆ, ಎಲ್ಲವೂ ಕೆಲಸ ಮಾಡುವಂಥವೇ. ಮಾಡುವುದು ಬರುತ್ತದೆ ನಮಗೆ, ಮಾರುವುದು ಬರುವುದಿಲ್ಲ. ಅಕ್ಟೋಬರಿನಲ್ಲಿ ಹಣ ಹಾಕುವವರು ನೋಡಲು ಬರುತ್ತಾರೆ. ಈ ಹದಿನೇಳನೆಯದೂ ಶೆಡ್ಡಿಗೆ ಹೋದರೆ ಶನಿವಾರದ ಬೆಂಚನ್ನು ನಾನೇ ಕೊಡಲಿಯಲ್ಲಿ ಒಡೆದು ಒಲೆಗೆ ಹಾಕಬೇಕಾಗುತ್ತದೆ.

ನನ್ನ ಎಡಗೈಯಲ್ಲಿ ಎರಡು ಬೆರಳಿಲ್ಲ ಎಂಬುದು ನಿನಗೆ ಗೊತ್ತು. ಅಡಿಕೆ ಸುಲಿಯುವ ಯಂತ್ರದ ಮೊದಲ ಮಾದರಿ ಅಗಿದು ಉಗುಳಿದ್ದು. ಆ ಯಂತ್ರದಿಂದ ಇವತ್ತು ನಲವತ್ತು ಮನೆ ಉಣ್ಣುತ್ತಿವೆ. ಹೊಸದು ಬರುವಾಗ ಒಂದಿಷ್ಟು ರಕ್ತ ಕೇಳುತ್ತದೆ ಮಾರಾಯ್ತಿ, ಕೊಟ್ಟೇ ಮುಂದೆ ಹೋಗುವುದು.

ಜಲಜ ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ನಾಗೇಂದ್ರ


ಹೊಸನಗರ
೩೦ ಜುಲೈ ೨೦೨೪

ನಾಗೇಂದ್ರಣ್ಣ,

ಬೆರಳು ನಿಮ್ಮದು, ನೀವು ಕೊಟ್ಟಿರಿ. ಕಣ್ಣು ಊರವರದು.

ಕಳೆದ ವಾರ ಏನಾಯಿತು ಎಂದು ಬರೆದಿಡುತ್ತೇನೆ, ನಾಳೆ ಇಬ್ಬರಲ್ಲಿ ಯಾರೂ ಮರೆತೆ ಅನ್ನಬಾರದು. ನೀವು ಹಲಸಿನ ಕಡುಬು ಕಟ್ಟಿಸಿಕೊಂಡು ಬಂದಿರಿ. ಜಲಜಕ್ಕ ನಿಮ್ಮನ್ನು ಬೈದ ಕತೆ ಹೇಳಿದಿರಿ. ನಾನು ಹೊಟ್ಟೆ ಹಿಡಿದು ನಗುತ್ತಿದ್ದಾಗ ಜಾಲರಿಯಿಲ್ಲದ ಹೊಸ ಡ್ರಾಯಿಂಗನ್ನು ಸ್ಕೂಟರ್ ಸೀಟಿನ ಮೇಲೆ ಬಿಡಿಸಿಟ್ಟಿರಿ. “ಸದ್ಯಕ್ಕೆ ಇದು, ಮುಂದಿನ ಬ್ಯಾಚಿಗೆ ಜಾಲರಿ” ಅಂದಿರಿ. ನಾನು ಸಹಿ ಹಾಕಿದೆ. ಕಡುಬು ತಿಂದ ಕೈಯಲ್ಲೇ ಹಾಕಿದೆ, ಕಾಗದಕ್ಕೆ ಎಣ್ಣೆ ತಾಗಿತ್ತು.

ಅದು ನನ್ನ ತಪ್ಪು. ನಿಮ್ಮ ಮೇಲೆ ಹೇರುವುದಿಲ್ಲ. ಅವತ್ತಿನಿಂದ ನನಗೆ ನನ್ನ ಕೈ ಕಂಡರೆ ಹೇಸಿಗೆ. ಈಗ ಆ ಸಹಿಯನ್ನು ವಾಪಸ್ ಪಡೆಯುತ್ತಿದ್ದೇನೆ. ಈ ಕಾಗದವನ್ನು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ, ರಸೀದಿ ನನ್ನ ಬಳಿ ಇರುತ್ತದೆ. ಜಾಲರಿ ಇಲ್ಲದ ಒಂದು ಯಂತ್ರವೂ ಗೇಟು ದಾಟಬಾರದು. ಫೋನ್ ಮಾಡಬೇಡಿ, ಎತ್ತುವುದಿಲ್ಲ.

ಚೈತ್ರಾ


ಸಾಗರ
೨ ಸೆಪ್ಟೆಂಬರ್ ೨೦೨೪

ಚೈತ್ರಾ,

ನಿನ್ನ ರಿಜಿಸ್ಟರ್ ಬರುವ ಹೊತ್ತಿಗೆ ನೂರಾ ಎಂಬತ್ತು ಗೇಟು ದಾಟಿದ್ದವು. ಈಗ ಮುನ್ನೂರ ಹನ್ನೆರಡು. ಸಾಗರದಲ್ಲಿ ಅರ್ಧ, ತೀರ್ಥಹಳ್ಳಿಯಲ್ಲಿ ಅರ್ಧ. ಹೊನ್ನೆಮರಡಿನ ಕಡೆಯ ಒಬ್ಬರು ಬಂದು ನನ್ನ ಕೈ ಹಿಡಿದುಕೊಂಡು, ಐದು ವರ್ಷದ ಮೇಲೆ ಮನೆಯ ಬಾಳೆಗೊನೆ ತಿಂದೆವು ಅಂದರು. ಅವರ ಕಣ್ಣಲ್ಲಿ ನೀರಿತ್ತು. ನಿನ್ನ ಯಂತ್ರ ಅದು. ಅದನ್ನು ಕೇಳಲು ನೀನು ಇಲ್ಲಿರಬೇಕಿತ್ತು.

ಜಾಲರಿಯನ್ನು ಬಿಟ್ಟಿಲ್ಲ. ಪ್ರತಿ ಡಬ್ಬದಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸುತ್ತಿದ್ದೇವೆ, ಬೇಕಾದವರು ಹಾಕಿಕೊಳ್ಳಬಹುದು.

ಯಾರೂ ಹಾಕಿಕೊಳ್ಳುತ್ತಿಲ್ಲ, ಗೊತ್ತು. ಸುಳ್ಳು ಹೇಳುವುದಿಲ್ಲ ನಿನಗೆ. ಎರಡನೇ ಬ್ಯಾಚ್ ಬರಲಿ.

ನಾಗೇಂದ್ರ


ಹೊಸನಗರ
೫ ಅಕ್ಟೋಬರ್ ೨೦೨೪

ನಾಗೇಂದ್ರಣ್ಣ,

ಅಂಚೆಗೆ ಹಾಕಿದರೆ ತಡವಾಗುತ್ತದೆ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಇದನ್ನು ನಿಂತುಕೊಂಡೇ ಓದಿ, ಓದಿದ ಕೂಡಲೇ ಅಶ್ವಿನ್‌ನ ಕೈಯಿಂದ ಫೋನ್ ಕಿತ್ತುಕೊಳ್ಳಿ.

ಅವನು ಹಾಕಿದ ಜಾಹೀರಾತು ಈಗ ನೋಡಿದೆ. ಚೆಂಡುಹೂವಿನ ಹಾರ ಹಾಕಿದ ನಮ್ಮ ಯಂತ್ರ. ಕೆಳಗೆ, ‘ಈ ಆಯುಧ ಪೂಜೆಗೆ ನಿಮ್ಮ ಮಂಗನ ಕೋವಿಗೂ ಪೂಜೆ ಮಾಡಿ, ಫೋಟೊ ಕಳಿಸಿ, ಬಹುಮಾನ ಗೆಲ್ಲಿ.’

ನಿಮ್ಮ ಮನೆಯಲ್ಲಿ ಕೋವಿ ಇಲ್ಲ, ಅದಕ್ಕೇ ನಿಮಗೆ ಹೊಳೆದಿಲ್ಲ. ಕೋವಿಯ ಪೂಜೆ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಮೊದಲು ಜಗಲಿಗೆ ತಂದು ಮೈಯೆಲ್ಲ ಒರೆಸುತ್ತಾರೆ. ನಿಜವಾದ ಕೋವಿಗೆ ಎಣ್ಣೆ ಬಟ್ಟೆ, ನಮ್ಮದು ಕೊಳವೆಯಲ್ಲವೇ, ಅದಕ್ಕೆ ನೀರು ಹೊಯ್ದು ತೊಳೆಯುತ್ತಾರೆ. ಡಬ್ಬಿಯ ತಳದಲ್ಲಿ ಅಂಟಿಕೊಂಡ ಕಾರ್ಬೈಡಿಗೆ ಅಷ್ಟು ನೀರು ಸಾಕು. ಆಮೇಲೆ ಯಜಮಾನರು ಎತ್ತಿ ಬೆಳಕಿಗೆ ಹಿಡಿದು, ನಳಿಗೆ ಚೊಕ್ಕವಾಯಿತೇ ಎಂದು ಕಣ್ಣಿಟ್ಟು ನೋಡುತ್ತಾರೆ. ಆಮೇಲೆ ಊದಿನಕಡ್ಡಿ. ಆಮೇಲೆ ಮಂಗಳಾರತಿ. ಬಾಯಿ ತುಂಬ ಗ್ಯಾಸ್ ತುಂಬಿದ ಕೊಳವೆಯ ಎದುರಿಗೆ ಉರಿಯುವ ಬತ್ತಿ ಹಿಡಿದುಕೊಂಡು, ಬಗ್ಗಿ, ಕುಂಕುಮ ಇಡುತ್ತಾರೆ.

ಶುಕ್ರವಾರ ಆಯುಧ ಪೂಜೆ. ಇನ್ನು ಆರು ದಿನ ಇದೆ. ಮುನ್ನೂರ ಹನ್ನೆರಡು ಫೋನ್, ಒಂದು ದಿನದ ಕೆಲಸ. ಹೊಸನಗರದ ಇಪ್ಪತ್ತಮೂರು ಮನೆಗೆ ನಾನೂ ಸುಬ್ಬರಾಯನೂ ನಾಳೆಯಿಂದ ಸ್ಕೂಟರಿನಲ್ಲಿ ಹೋಗಿ ಜಾಲರಿ ಬಿಗಿಯುತ್ತೇವೆ. ಉಳಿದವರ ಪಟ್ಟಿ ನಿಮ್ಮ ಬಳಿ ಇದೆ. ನೀವು ಮಾಡದಿದ್ದರೆ ಪಟ್ಟಿ ನನಗೆ ಕೊಡಿ.

ನಿಮ್ಮ ಕಾಲಿಗೆ ಬೀಳುತ್ತೇನೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಚೈತ್ರಾ


ಸಾಗರ
೮ ಅಕ್ಟೋಬರ್ ೨೦೨೪

ಚೈತ್ರಾ,

ನಿಂತುಕೊಂಡೇ ಓದಿದೆ. ಆಮೇಲೆ ಕೂತೆ. ಎರಡು ದಿನ ಕೂತೇ ಇದ್ದೆ.

ಹದಿನಾಲ್ಕಕ್ಕೆ ಹಣ ಹಾಕುವವರು ಬರುತ್ತಾರೆ. ಅವತ್ತೇ ಸಹಿ. ಅದಕ್ಕೆ ಆರು ದಿನ ಮುಂಚೆ ಮುನ್ನೂರು ಮನೆಗೆ ಫೋನ್ ಮಾಡಿ, ನಮ್ಮ ಯಂತ್ರ ಮುಟ್ಟಬೇಡಿ, ಕಣ್ಣು ಹೋಗುತ್ತದೆ ಅಂದರೆ ಸಂಜೆಯೊಳಗೆ ಸುದ್ದಿ ಅವರ ಕಿವಿಗೆ ಬೀಳುತ್ತದೆ. ಅಲ್ಲಿಗೆ ಮುಗಿಯಿತು. ನಲವತ್ತು ಮನೆಯ ಊಟ ಮುಗಿಯಿತು.

ಜಾಹೀರಾತು ತೆಗೆಸಿದ್ದೇನೆ. ಅಷ್ಟರಲ್ಲಿ ಬಹಳ ಜನ ಹಂಚಿಕೊಂಡಾಗಿತ್ತು. ‘ಎಚ್ಚರಿಕೆಯಿಂದ ಪೂಜೆ ಮಾಡಿ’ ಎಂದು ಇನ್ನೊಂದು ಸಂದೇಶ ಕಳಿಸಲು ಹೇಳಿದ್ದೇನೆ. ಆರು ದಿನ ತಡಿ. ಹದಿನೈದಕ್ಕೆ ನಾನೇ ಪಿಕಪ್ ಹತ್ತಿ ಮನೆ ಮನೆಗೆ ಹೋಗುತ್ತೇನೆ, ನನ್ನ ಕೈಯಾರೆ ಜಾಲರಿ ಬಿಗಿಯುತ್ತೇನೆ. ಪಟ್ಟಿ ಕಳಿಸುವುದಿಲ್ಲ, ಕೇಳಬೇಡ.

ಅಮ್ಮ ಕಾಪಾಡುತ್ತಾಳೆ. ಮಲಗಲು ಆಗುತ್ತಿಲ್ಲ.

ನಾಗೇಂದ್ರ


ಹೊಸನಗರ
೧೨ ಅಕ್ಟೋಬರ್ ೨೦೨೪

ನಾಗೇಂದ್ರಣ್ಣ,

ಪೂಜೆಯಲ್ಲಿ ಸುಟ್ಟುಕೊಂಡವರು ತೀರ್ಥಹಳ್ಳಿಯಲ್ಲಿ ನಾಲ್ಕು ಜನ, ಸಾಗರದಲ್ಲಿ ಇಬ್ಬರು. ಜಾಲರಿ ಬಿಗಿದ ಇಪ್ಪತ್ತಮೂರು ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ.

ತೀರ್ಥಹಳ್ಳಿಯ ಹೂವಪ್ಪನವರಿಗೆ ಎರಡೂ ಕಣ್ಣು ಹೋಗಿವೆ. ನಾನು ಆಸ್ಪತ್ರೆಗೆ ಹೋಗಿದ್ದೆ. ಅರವತ್ತೆರಡು ವರ್ಷ, ನಮ್ಮ ಅಪ್ಪನ ಜೊತೆ ಓದಿದವರು. ಮುಖದಲ್ಲಿ ಚರ್ಮ ಎಂದು ಹೇಳುವಂಥದ್ದು ಹಣೆಯ ಮೇಲೆ ಸ್ವಲ್ಪ ಇದೆ. ಎಡಗಣ್ಣು ಇದ್ದ ಜಾಗಕ್ಕೆ ಹತ್ತಿ ತುರುಕಿದ್ದರು, ಹತ್ತಿ ಒದ್ದೆಯಾಗುತ್ತಲೇ ಇತ್ತು, ನರ್ಸು ಬದಲಾಯಿಸುತ್ತಲೇ ಇದ್ದಳು. ಅವರು ಒಂದೇ ಮಾತು ಹೇಳುತ್ತಿದ್ದರು: “ಚೊಕ್ಕ ಆಗಿತ್ತು. ನಳಿಗೆ ಚೊಕ್ಕ ಆಗಿತ್ತು.”

ಆರತಿ ಹಿಡಿದವರು ಅವರ ಹೆಂಡತಿ. ಸೊಸೆ ಭವ್ಯಾ ನಿಮ್ಮ ಬಹುಮಾನಕ್ಕೆಂದು ಫೋಟೊ ತೆಗೆಯುತ್ತಿದ್ದಳು. ಬೆಂಕಿ ಬಂದ ಗಳಿಗೆಯೇ ಫೋಟೊದಲ್ಲಿದೆ. ಹಿಂದಿನ ದಿನವೇ ನಂಬರ್ ಹಾಕಿಟ್ಟಿದ್ದಳಂತೆ, ಗಾಬರಿಯಲ್ಲಿ ಬೆರಳು ತಾಗಿ ಅದು ಅಶ್ವಿನ್‌ಗೆ ಹೋಗಿದೆ. ತೆಗೆದು ನೋಡಿ. ಅದನ್ನು ನೋಡದೆ ನೀವು ಅನ್ನ ಮುಟ್ಟಬಾರದು.

ಚೈತ್ರಾ


ಹೊಸನಗರ
೨೦ ನವೆಂಬರ್ ೨೦೨೪

ನಾಗೇಂದ್ರಣ್ಣ,

ಈ ಕಾಗದವನ್ನು ನೀವು ಓದಲಾರಿರಿ. ನಿಮ್ಮ ಮನೆಯವರು ಓದಿ ಹೇಳಬೇಕು. ಜಲಜಕ್ಕ, ಇದನ್ನು ನಿಮ್ಮ ಬಾಯಲ್ಲಿ ಹೇಳಿಸುತ್ತಿರುವುದಕ್ಕೆ ಸಿಟ್ಟು ಬಂದರೆ ಬರಲಿ, ಅರ್ಧಕ್ಕೆ ನಿಲ್ಲಿಸಬೇಡಿ.

ಅಕ್ಟೋಬರ್ ಹದಿನಾಲ್ಕನೇ ತಾರೀಕು ಬೆಳಿಗ್ಗೆ ನಾನು ವರ್ಕ್‌ಶಾಪಿನಲ್ಲಿದ್ದೆ. ನೀವು ಕರೆದಿರಲಿಲ್ಲ. ಹಣ ಹಾಕುವವರ ಎದುರಿಗೇ ಹೂವಪ್ಪನವರ ಫೋಟೊವನ್ನು ಮೇಜಿನ ಮೇಲಿಡಬೇಕೆಂದು ಬಂದಿದ್ದೆ. ಒಳಗೆ ಬರುವಷ್ಟರಲ್ಲಿ ತೀರ್ಥಹಳ್ಳಿಯಿಂದ ಎರಡು ಪಿಕಪ್ ಬಂದು ಗೇಟಿಗೇ ಗುದ್ದಿದವು. ಹಣ ಹಾಕುವವರು ಕಾರಿಗೆ ಓಡಿದರು. ನಾನು ಸುಬ್ಬರಾಯನ ಹಿಂದೆ, ಕಂಪ್ರೆಸರ್ ಪಕ್ಕ ನಿಂತೆ.

ಅವರು ಮೊದಲು ಹಿಡಿದದ್ದು ಅಶ್ವಿನ್‌ನನ್ನು. ನಮ್ಮದೇ ದೊಡ್ಡ ಸ್ಪ್ಯಾನರ್ ತೆಗೆದು ಬಾಯಿಗೆ ಹೊಡೆದರು. ಹಲ್ಲುಗಳು ಕಬ್ಬಿಣದ ತಗಡಿನ ಮೇಲೆ ಉದುರಿದ್ದು ನನಗೆ ಕೇಳಿಸಿತು. ಅವನು ರಕ್ತ ಉಗುಳುತ್ತಲೇ ಗೋಡೆಯ ಕಡೆ ಕೈ ತೋರಿಸಿದ. “ನಂದಲ್ಲ, ನಂದಲ್ಲ! ಮಾಡಿದ್ದು ಚೈತ್ರಾ. ಡ್ರಾಯಿಂಗ್ ಅಲ್ಲಿದೆ, ಸಹಿ ನೋಡಿ!”

ಹೂವಪ್ಪನವರ ಮಗ ರವೀಂದ್ರ ಅದನ್ನು ಗೋಡೆಯಿಂದ ಹರಿದು ಎತ್ತಿ ಹಿಡಿದ. ಎಣ್ಣೆಯ ಕಲೆ ನನಗೆ ಅಲ್ಲಿಂದಲೇ ಕಂಡಿತು. “ಯಾರ್ರೀ ಚೈತ್ರಾ? ಬರ್ಲಿ ಹೊರಗೆ!” ಎಂದು ಕೂಗಿದ. ಯಂತ್ರ ಜೋಡಿಸುವ ಎಂಟು ಹೆಂಗಸರು ತಲೆ ತಗ್ಗಿಸಿ ನಿಂತರು. ಒಬ್ಬಳೂ ನನ್ನ ಕಡೆ ಕಣ್ಣು ಹಾಯಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಆಗ ನೀವು ಮುಂದೆ ಬಂದಿರಿ. “ಆ ಹುಡ್ಗಿ ಇಲ್ಲಿಲ್ಲ. ಸಹಿ ಅವಳ್ದಲ್ಲ ಮಾರಾಯ, ಅವಳ ಹೆಸ್ರಲ್ಲಿ ನಾನೇ ಹಾಕಿದ್ದು. ಅವಳು ಬೇಡ ಬೇಡ ಅಂತ ಬರ್ದಿದ್ಲು. ಕಾಗ್ದ ಮೇಜಿನ ಮೇಲಿದೆ, ನೋಡು” ಅಂದಿರಿ.

ಕಾಗದ ನಿಜ. ಸಹಿಯ ಮಾತು ಸುಳ್ಳು.

ಮುಂದಿನದು ನಿಮಗೆ ಗೊತ್ತು, ಆದರೆ ನಾನು ಹೇಗೆ ನೋಡಿದೆ ಎಂಬುದು ಗೊತ್ತಿಲ್ಲ. ನಾಲ್ಕು ಜನ ನಿಮ್ಮನ್ನು ಲೇತಿನ ಮೇಲೆ ಅಂಗಾತ ಕೆಡವಿದರು. ಒಬ್ಬ ಕೂದಲು ಹಿಡಿದ, ಒಬ್ಬ ಗಂಟಲ ಮೇಲೆ ಮೊಣಕಾಲಿಟ್ಟ. ಸುಬ್ಬರಾಯ ನುಗ್ಗಿದ, ಚೈನಿನಲ್ಲಿ ಅವನ ಕಿವಿಗೆ ಹೊಡೆದರು, ಅವನು ನನ್ನ ಕಾಲ ಬಳಿ ಬಿದ್ದ. ರವೀಂದ್ರ ಪಿಕಪ್ಪಿನಿಂದ ತನ್ನ ಅಪ್ಪನ ಯಂತ್ರವನ್ನು ತಂದ. ಅದರ ಕೊಳವೆಗೆ ಕುಂಕುಮ ಇನ್ನೂ ಅಂಟಿತ್ತು. ಡಬ್ಬಿಗೆ ನಮ್ಮ ಡ್ರಮ್ಮಿನಿಂದ ನೀರು ಹಾಕಿ, ಕೊಳವೆಯ ಬಾಯನ್ನು ನಿಮ್ಮ ಮುಖಕ್ಕೆ ಒತ್ತಿದ. “ನೋಡು. ಚೊಕ್ಕ ಇದ್ಯಾ ನೋಡು.”

ಆಮೇಲೆ ಎಣಿಸಲು ಶುರು ಮಾಡಿದ. ಯಂತ್ರದ ಜೊತೆ ಕೊಡುವ ಚೀಟಿಯಲ್ಲಿ ‘ನೀರು ಹಾಕಿ ಹತ್ತು ಎಣಿಸಿ’ ಎಂದಿದೆ. ಆ ಚೀಟಿ ಬರೆದವಳು ನಾನು. ಒಂದು, ಎರಡು, ಮೂರು ಎಂದು ಅವನು ಜೋರಾಗಿ ಎಣಿಸಿದ. ಪ್ರತಿ ಅಂಕೆಗೂ ನಾನು ಬಾಯಿ ತೆರೆಯಬಹುದಿತ್ತು. ನಾನೇ ಚೈತ್ರಾ, ಸಹಿ ನನ್ನದು, ಅಷ್ಟೇ ಹೇಳಬೇಕಿದ್ದದ್ದು. ಹತ್ತು ಸಲ ಅವಕಾಶ ಇತ್ತು. ಹೆದರಿಕೆಗೆ ನನ್ನ ಬಟ್ಟೆ ಒದ್ದೆಯಾಗಿತ್ತು. ನನ್ನ ಕಣ್ಣು ನನಗೆ ಬೇಕಾಗಿತ್ತು, ಅಣ್ಣ.

ಆ ಸದ್ದನ್ನು ನಾನು ಸಾವಿರ ಸಲ ಕೇಳಿದ್ದೇನೆ, ನಾನೇ ಹುಟ್ಟಿಸಿದ್ದು. ಅದು ಮುಗಿದ ಮೇಲೆ ನೀವು ಕಿರುಚಿದ್ದು ಮಾತ್ರ ಮೊದಲ ಸಲ ಕೇಳಿದೆ.

ಸಹಿ ನನ್ನದೇ ಎಂದು ಠಾಣೆಯಲ್ಲಿ ಬರೆದುಕೊಟ್ಟಿದ್ದೇನೆ. ಕೊಂಡವರ ಪಟ್ಟಿ ಪೊಲೀಸರಿಂದ ಸಿಕ್ಕಿತು. ಕಿವಿಗೆ ಬ್ಯಾಂಡೇಜ್ ಕಟ್ಟಿಕೊಂಡು ಸುಬ್ಬರಾಯನೂ ಬರುತ್ತಾನೆ, ಇಬ್ಬರೂ ಮನೆ ಮನೆಯಿಂದ ಯಂತ್ರ ವಾಪಸ್ ತರುತ್ತಿದ್ದೇವೆ. ಇನ್ನೂರಾ ಎಪ್ಪತ್ತು ಬಂದಿವೆ. ಕೆಲವರು ಕೊಡುವುದಿಲ್ಲ, ಮಂಗ ಬರುತ್ತದಲ್ಲ ಅನ್ನುತ್ತಾರೆ.

ಒಂದು ಪ್ರಶ್ನೆಗೆ ಉತ್ತರ ಬೇಕು. ಆರು, ಏಳು ಎನ್ನುವ ಹೊತ್ತಿಗೆ ನೀವು ತಲೆ ಕೊಸರಿ ಈ ಕಡೆ ತಿರುಗಿದಿರಿ. ನನ್ನನ್ನು ನೋಡಿದಿರಾ? ನೋಡಲಿಲ್ಲ ಅಂದರೆ ನಾನು ಹೇಗೋ ಬದುಕುತ್ತೇನೆ. ನೋಡಿದ್ದರೂ ಹೇಳಿ.

ಚೈತ್ರಾ


ಸಾಗರ
೨ ಡಿಸೆಂಬರ್ ೨೦೨೪

ಚೈತ್ರಾ,

ಕಾಗದ ಬರೆದು ನನಗೆ ಅಭ್ಯಾಸವಿಲ್ಲ. ತಪ್ಪಿದ್ದರೆ ಇರಲಿ.

ನಿನ್ನದನ್ನು ಪೂರ್ತಿ ಓದಿ ಹೇಳಿದೆ. ಎಣಿಸುವ ಜಾಗಕ್ಕೆ ಬಂದಾಗ ಕಾಗದ ಮಡಚಿಟ್ಟೆ. “ನಿಲ್ಲಿಸ್ಬೇಡ, ಓದು” ಅಂದರು. ನಾನು ಗಂಡನಿಗೆ ಒಂದರಿಂದ ಹತ್ತರವರೆಗೆ ಓದಿದೆ.

ಹೂವಪ್ಪನವರ ಮನೆಗೆ ನಾನು ಹೋಗಿಬಂದೆ. ಒಳಗೆ ಕರೆಯಲಿಲ್ಲ. ಜಗಲಿಯಲ್ಲಿ ಕೂತಿದ್ದು ಎದ್ದು ಬಂದೆ. ಅವರ ಮಗ ಜೈಲಿನಲ್ಲಿದ್ದಾನೆ. ಆ ಹೆಂಗಸಿಗೂ ನನಗೂ ಮಾತಾಡಲು ಏನಿದೆ ಹೇಳು. ಇಬ್ಬರ ಮನೆಯಲ್ಲೂ ಅನ್ನ ಕಲಸಿ ಕೈಗೆ ಕೊಡಬೇಕಾದ ಗಂಡಸು ಒಬ್ಬೊಬ್ಬರು.

ಇವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. “ಅವ್ಳು ಬಾಯಿ ಬಿಟ್ಟಿದ್ರೆ ಅವಳ್ದೂ ಹೋಗ್ತಿತ್ತು. ಫೋನ್ ಮಾಡಿ ಅಂದ್ಲು, ನಾನು ಮಾಡ್ಲಿಲ್ಲ. ಲೆಕ್ಕ ನಂದು. ಸುಮ್ನಿದ್ದಿದ್ದೇ ಸರಿ ಅಂತ ಬರಿ.” ಬರೆದಿದ್ದೇನೆ. ಇದು ಅವರ ಮಾತು, ನನ್ನದಲ್ಲ. ನನಗೆ ನಿನ್ನನ್ನು ಕಂಡರೆ ಎರಡು ಬಾರಿಸಬೇಕು ಅನ್ನಿಸುತ್ತದೆ, ಅವರಿಗೂ ಬಾರಿಸಬೇಕು ಅನ್ನಿಸುತ್ತದೆ. ಕಣ್ಣಿಲ್ಲದವರನ್ನು ಹೇಗೆ ಹೊಡೆಯುವುದು ಎಂದು ಸುಮ್ಮನಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ. ನೋಡಿದ್ದಾರೆ. ಏಳಕ್ಕಲ್ಲ, ನೀನು ಗೇಟಿನೊಳಗೆ ಬಂದಾಗಲೇ ನೋಡಿದ್ದಾರೆ. ನೀನು ಇಲ್ಲ ಎಂದು ಹೇಳಿದ್ದೇ ನೀನು ಎಲ್ಲಿ ನಿಂತಿದ್ದೀ ಎಂದು ಗೊತ್ತಿದ್ದಕ್ಕೆ. ಏಳಕ್ಕೆ ಇನ್ನೊಮ್ಮೆ ತಿರುಗಿದರಂತೆ. ನೀನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದೆಯಂತೆ, ನೀಲಿ ಚೂಡಿದಾರ್, ಹಣೆಯ ಮೇಲೆ ಕೂದಲು ಅಂಟಿತ್ತಂತೆ. ಈಗ ಕಣ್ಣು ಬಿಟ್ಟರೂ ಮುಚ್ಚಿದರೂ ಅದೇ ಕಾಣುತ್ತದೆ ಅನ್ನುತ್ತಾರೆ. ಬೇಸರದಿಂದ ಹೇಳಲಿಲ್ಲ, ಸುಮ್ಮನೆ ಹೇಳಿದರು.

ಆ ಬೆಳಿಗ್ಗೆ ನಾನು ತಿಂಡಿ ಕೊಟ್ಟು ಬಾಗಿಲವರೆಗೆ ಬಂದಿದ್ದೆ. ನನ್ನ ಮುಖ ನೋಡಿದ್ದು ನೆನಪಿದೆಯಾ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿದರು. ನೆನಪಿಲ್ಲವಂತೆ, ಬೂಟು ಹಾಕಿಕೊಳ್ಳುತ್ತಿದ್ದರಂತೆ.

ಇಪ್ಪತ್ತೆಂಟು ವರ್ಷ ಜೊತೆಗೆ ಬದುಕಿದವಳು ನಾನು. ಅವರ ಕಣ್ಣಲ್ಲಿ ಉಳಿದಿರುವುದು ನೀನು. ಕಾಗದ ಬರೆದರೆ ಓದಿ ಹೇಳುತ್ತೇನೆ. ಮನೆಗೆ ಮಾತ್ರ ಬರಬೇಡ.

ಜಲಜಮ್ಮ